ವೇಪ್ ಬಂದಲ್ಲಿ ಸಿಗರೇಟು ಹೋಯಿತೇ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಸೋದರಳಿಯ ಇಂಗ್ಲೆಂಡಿನಲ್ಲಿ ನರ್ಸ್ ಆಗಿದ್ದಾನೆ. ಅಲ್ಲಿ ಸಿಗರೇಟು ಬಿಡಬೇಕೆಂದು ಬಂದವರಿಗೆ ಸರಕಾರದ ಆರೋಗ್ಯ ಸೇವೆಯವರೇ ವೇಪ್ (ಇ-ಸಿಗರೇಟು) ಕೊಡುತ್ತಾರಂತೆ, ಅದರಿಂದಾಗಿ ಧೂಮಪಾನ ಸುಮಾರು ಅರ್ಧಕ್ಕೆ ಇಳಿದಿದೆಯಂತೆ. ನಮ್ಮಲ್ಲಿ ಅದನ್ನು ಮಾರಿದವರಿಗೆ ಜೈಲು. ಒಂದೇ ವಸ್ತು ಒಂದು ಕಡೆ ಮದ್ದು, ಇನ್ನೊಂದು ಕಡೆ ಅಪರಾಧ ಎಂದರೆ ಯಾರನ್ನು ನಂಬುವುದು?
— ನಿವೃತ್ತ ಅಧ್ಯಾಪಕರು, ಸುರತ್ಕಲ್

ಉತ್ತರ: ನಿಮ್ಮ ಸೋದರಳಿಯ ಹೇಳಿದ್ದರಲ್ಲಿ ಹೆಚ್ಚಿನ ಭಾಗ ನಿಜ. ಬ್ರಿಟನ್ನಿನಲ್ಲಿ 2011ರಲ್ಲಿ ವಯಸ್ಕರ ಪೈಕಿ ಶೇ. 20.2 ಮಂದಿ ಸಿಗರೇಟು ಸೇದುತ್ತಿದ್ದರು; 2023ರಲ್ಲಿ ಆ ಪ್ರಮಾಣ ಶೇ. 11.9 ಆಗಿತ್ತು. ಆ ವರ್ಷವೇ ಅಲ್ಲಿನ ಸರಕಾರ ಇಂಗ್ಲೆಂಡಿನ ಹತ್ತು ಲಕ್ಷ ಧೂಮಪಾನಿಗಳಿಗೆ ಸಿಗರೇಟಿನ ಬದಲು ವೇಪ್ ಒದಗಿಸುವ ಯೋಜನೆಯನ್ನು ಪ್ರಕಟಿಸಿತು. ಈ ನಿಲುವಿನ ಹಿಂದಿರುವ ತರ್ಕ ಸರಳವಾದದ್ದು. ನಿಕೋಟಿನ್ ಚಟ ಹಿಡಿಸುತ್ತದೆ. ಆದರೆ ಕ್ಯಾನ್ಸರನ್ನೂ ಶ್ವಾಸಕೋಶದ ಕಾಯಿಲೆಗಳನ್ನೂ ತರುವುದು ಮುಖ್ಯವಾಗಿ ಉರಿಯುವ ಎಲೆಯ ಹೊಗೆ, ಅದರಲ್ಲಿರುವ ಟಾರ್, ಕಾರ್ಬನ್ ಮೊನಾಕ್ಸೈಡ್ ಮತ್ತು ಕ್ಯಾನ್ಸರ್‌ಕಾರಕವೆಂದು ಗೊತ್ತಾಗಿರುವ ಎಪ್ಪತ್ತರಷ್ಟು ರಾಸಾಯನಿಕಗಳು. ವೇಪ್‌ನಲ್ಲಿ ಎಲೆಯೂ ಇಲ್ಲ, ಬೆಂಕಿಯೂ ಇಲ್ಲ. ಒಂದು ಸಣ್ಣ ಬ್ಯಾಟರಿ, ಅದರಿಂದ ಕಾಯುವ ತಂತಿಯ ಸುರುಳಿ, ಸುರುಳಿಯೊಳಗೆ ದ್ರವ ಹೀರಿಕೊಂಡ ಹತ್ತಿ, ಇಷ್ಟೇ ಅದರ ಹೊಟ್ಟೆಯಲ್ಲಿರುವುದು. ದ್ರವದಲ್ಲಿ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ನಿಕೋಟಿನ್ ಮತ್ತು ಪರಿಮಳದ ವಸ್ತುಗಳು ಇರುತ್ತವೆ. ಬಾಯಲ್ಲಿಟ್ಟು ಎಳೆದಾಗ ಸುರುಳಿ ಕಾದು ದ್ರವ ನವುರಾದ ತುಂತುರಾಗಿ ಒಳಗೆ ಹೋಗುತ್ತದೆ. ಈ ತುಂತುರು ನಿರಪಾಯವಲ್ಲ, ಅದರಲ್ಲೂ ಫಾರ್ಮಾಲ್ಡಿಹೈಡ್‌ನಂಥವು ಮತ್ತು ಲೋಹದ ಕಣಗಳು ಸಿಕ್ಕಿವೆ. ಆದರೆ ಸಿಗರೇಟಿನ ಹೊಗೆಯೊಡನೆ ತೂಗಿದರೆ ಇವುಗಳ ಪ್ರಮಾಣ ಬಹಳ ಕಡಿಮೆ. ಹೀಗೆ ಹೇಳುವುದಕ್ಕೂ ‘ಬರೀ ನೀರಿನ ಆವಿ’ ಎನ್ನುವುದಕ್ಕೂ ಅಜಗಜಾಂತರವಿದೆ. 2015ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಇಲಾಖೆ ‘ವೇಪ್ ಶೇ. 95ರಷ್ಟು ಕಡಿಮೆ ಹಾನಿಕರ’ ಎಂದದ್ದನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಅದು ತಜ್ಞರು ಕುಳಿತು ಮಾಡಿದ ಅಂದಾಜೇ ಹೊರತು ಪ್ರಯೋಗದಲ್ಲಿ ಅಳೆದು ಪಡೆದ ಸಂಖ್ಯೆಯಲ್ಲ, ಮತ್ತು ಇಪ್ಪತ್ತು ವರ್ಷಗಳ ಹಿಂದಷ್ಟೇ ಪೇಟೆಗೆ ಬಂದ ವಸ್ತುವಿನಿಂದ ಕ್ಯಾನ್ಸರ್ ಎಷ್ಟು ಬರುತ್ತದೆಂಬ ಲೆಕ್ಕ ಸಿಗಲು ಇನ್ನೂ ದಶಕಗಳು ಬೇಕು.

ಸಿಗರೇಟು ಬಿಡಲು ಅದು ಸಹಾಯ ಮಾಡುತ್ತದೆಯೇ ಎಂಬುದಕ್ಕೆ ಮಾತ್ರ ಗಟ್ಟಿಯಾದ ಪುರಾವೆ ಇದೆ. 2019ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಒಂದು ಪ್ರಯೋಗದಲ್ಲಿ, ಸಿಗರೇಟು ಬಿಡಲು ನೆರವು ಕೇಳಿಕೊಂಡು ಬಂದ 886 ಮಂದಿಯನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ವೇಪ್, ಇನ್ನೊಂದಕ್ಕೆ ನಿಕೋಟಿನ್ ಗಮ್, ಮೈಗೆ ಅಂಟಿಸುವ ನಿಕೋಟಿನ್ ಪ್ಯಾಚ್ ಮುಂತಾದವನ್ನು ಕೊಟ್ಟರು. ಎರಡೂ ಗುಂಪಿಗೆ ವಾರವಾರವೂ ಆಪ್ತಸಲಹೆ ಇತ್ತು. ವರ್ಷದ ಕೊನೆಗೆ ಸಿಗರೇಟು ಬಿಟ್ಟು ಉಳಿದವರು ವೇಪ್ ಗುಂಪಿನಲ್ಲಿ ಶೇ. 18, ಇನ್ನೊಂದರಲ್ಲಿ ಶೇ. 9.9. ಇಲ್ಲಿಗೆ ಓದು ನಿಲ್ಲಿಸುವವರೇ ಹೆಚ್ಚು. ಹೀಗೆ ಬಿಟ್ಟವರಲ್ಲಿ ವರ್ಷದ ಬಳಿಕವೂ ಕೊಟ್ಟದ್ದನ್ನೇ ಬಳಸುತ್ತಿದ್ದವರು ವೇಪ್ ಗುಂಪಿನಲ್ಲಿ ಶೇ. 80, ಗಮ್-ಪ್ಯಾಚ್ ಗುಂಪಿನಲ್ಲಿ ಶೇ. 9. ಅಂದರೆ ಹೊಗೆ ಹೋಯಿತು, ನಿಕೋಟಿನ್ ಉಳಿಯಿತು. ಹೊಗೆ ಹೋದದ್ದೇ ದೊಡ್ಡದು ಎನ್ನುವವರು ಬ್ರಿಟನ್ನಿನ ವೈದ್ಯರು. ಚಟ ಹೋಗಲಿಲ್ಲವಲ್ಲ ಎನ್ನುವವರು ನಮ್ಮವರು. ನಲವತ್ತು ವರ್ಷ ಸಿಗರೇಟು ಸೇದಿ ಏನು ಮಾಡಿದರೂ ಬಿಡಲಾಗದವನ ಮಟ್ಟಿಗೆ ಬ್ರಿಟನ್ನಿನವರ ಮಾತೇ ಸರಿ ಎಂದು ನನ್ನ ಅಭಿಪ್ರಾಯ.

ಇನ್ನು ದೇಶದ ಲೆಕ್ಕಕ್ಕೆ ಬರೋಣ. ಬ್ರಿಟನ್ನಿನ ಇಳಿಕೆಯನ್ನೆಲ್ಲ ವೇಪ್ ಖಾತೆಗೆ ಜಮಾ ಮಾಡುವುದು ತಪ್ಪು. 2007ರಿಂದಲೇ ಇಂಗ್ಲೆಂಡಿನಲ್ಲಿ ಹೋಟೆಲು, ಪಬ್ಬುಗಳೊಳಗೆ ಸೇದುವಂತಿಲ್ಲ. ಆ ಮೇಲೆ ಅಂಗಡಿಯಲ್ಲಿ ಸಿಗರೇಟು ಕಾಣುವಂತೆ ಇಡಬಾರದೆಂದಾಯಿತು, ಪೊಟ್ಟಣಗಳೆಲ್ಲ ಒಂದೇ ಬಣ್ಣದವಾದವು, ತೆರಿಗೆ ಏರುತ್ತಲೇ ಹೋಯಿತು. ವೇಪ್‌ಗೆ ಬಿಗಿಯಾದ ಕಡಿವಾಣ ಹಾಕಿದ್ದ ಆಸ್ಟ್ರೇಲಿಯಾದಲ್ಲೂ ದಿನನಿತ್ಯ ಸೇದುವವರ ಪ್ರಮಾಣ 2019ರ ಶೇ. 11ರಿಂದ 2022-23ರಲ್ಲಿ ಶೇ. 8.3ಕ್ಕೆ ಇಳಿಯಿತು, ಅಲ್ಲಿ ಕಳ್ಳಪೇಟೆಯ ವೇಪ್ ಧಾರಾಳವಾಗಿತ್ತೆಂಬುದನ್ನೂ ಮರೆಯುವಂತಿಲ್ಲ. ವೇಪ್‌ನ ಪರವಾಗಿ ಹೆಚ್ಚು ಬಲವಾಗಿ ಮಾತಾಡುವ ಅಂಕಿ ನ್ಯೂಜಿಲೆಂಡಿನದು. ಅಲ್ಲಿ ದಿನಾ ಸೇದುವ ವಯಸ್ಕರು 2011-12ರಲ್ಲಿ ಶೇ. 16.4 ಇದ್ದವರು 2023-24ರಲ್ಲಿ ಶೇ. 6.9ಕ್ಕೆ ಬಂದರು, ಮತ್ತು ಇಳಿಕೆಯ ಬಹುಪಾಲು ವೇಪ್ ಹರಡಿದ ವರ್ಷಗಳಲ್ಲೇ ಆಯಿತು. ಆದರೆ ಅದೇ ಹೊತ್ತಿಗೆ ದಿನಾ ವೇಪ್ ಎಳೆಯುವವರು ಶೇ. 11.1 ಆಗಿದ್ದರು. ಎರಡನ್ನೂ ಕೂಡಿಸಿ ನೋಡಿದರೆ ನಿಕೋಟಿನ್ ಬಳಸುವವರ ಸಂಖ್ಯೆ ಕಡಿಮೆಯಾಯಿತೆಂದು ಹೇಳುವುದು ಕಷ್ಟ.

ಈಗ ನಮ್ಮ ಮನೆಯ ಲೆಕ್ಕ. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದಲ್ಲಿ ತಂಬಾಕು ಬಳಸುವವರು ಶೇ. 28.6. ಇವರಲ್ಲಿ ಹೊಗೆರಹಿತ ತಂಬಾಕು, ಅಂದರೆ ಎಲೆಅಡಿಕೆಯ ಜೊತೆಗಿನ ಹೊಗೆಸೊಪ್ಪು, ಖೈನಿ, ಗುಟ್ಕಾ ಮುಂತಾದವನ್ನು ಬಳಸುವವರು ಒಟ್ಟು ವಯಸ್ಕರ ಶೇ. 21.4, ಬೀಡಿ ಸೇದುವವರು ಶೇ. 7.7, ಸಿಗರೇಟು ಬರೀ ಶೇ. 4. ಬ್ರಿಟನ್ನಿನಲ್ಲಿ ತಂಬಾಕು ಎಂದರೆ ಬಹುಮಟ್ಟಿಗೆ ಸಿಗರೇಟೇ. ಹಾಗಾಗಿ ಅಲ್ಲಿ ಸಿಗರೇಟಿನ ಜಾಗಕ್ಕೆ ವೇಪ್ ಬಂದರೆ ದೇಶದ ಆರೋಗ್ಯವೇ ಬದಲಾಗಬಹುದು. ನಮ್ಮಲ್ಲಿ ಕೆನ್ನೆಯೊಳಗೆ ಹೊಗೆಸೊಪ್ಪು ಒತ್ತಿಟ್ಟುಕೊಳ್ಳುವವನಿಗೂ ಬೀಡಿಯವನಿಗೂ ಅದು ಬದಲಿ ವಸ್ತುವೇ ಅಲ್ಲ. ಪೇಟೆಗೆ ಬಿಟ್ಟರೆ ಅದನ್ನು ಕೊಳ್ಳುವವರು ಯಾರೆಂಬುದನ್ನು ಹೇಳಲು ಜ್ಯೋತಿಷ್ಯ ಬೇಕಾಗಿಲ್ಲ, ಮುಂದಿನ ಪತ್ರ ಓದಿದರೆ ಸಾಕು. ಇನ್ನೊಂದು ಮಾತು: ಕರ್ನಾಟಕದಲ್ಲಿ ತಂಬಾಕು ಬಳಕೆ 2009-10ರಲ್ಲಿ ಶೇ. 28.2 ಇದ್ದದ್ದು 2016-17ರಲ್ಲಿ ಶೇ. 22.8ಕ್ಕೆ ಇಳಿಯಿತು. ಆ ಅವಧಿಯಲ್ಲಿ ಇಲ್ಲಿ ವೇಪ್ ಎಂಬುದು ಇದ್ದೂ ಇಲ್ಲದಂತಿತ್ತು. ದೇಶದಲ್ಲಿ ಅದರ ಹೆಸರು ಕೇಳಿದ್ದವರೇ ನೂರಕ್ಕೆ ಮೂವರು. ಪೊಟ್ಟಣದ ಮೇಲಿನ ಚಿತ್ರ, ತೆರಿಗೆ, ಗುಟ್ಕಾ ನಿಷೇಧ, ಸಾರ್ವಜನಿಕ ಸ್ಥಳದ ನಿರ್ಬಂಧ ಇವೆಲ್ಲ ಕೂಡಿ ಮಾಡಿದ ಕೆಲಸ ಅದು.

ಆದ್ದರಿಂದ ಎರಡೂ ದೇಶಗಳು ತಮ್ಮ ತಮ್ಮ ರೋಗಿಯನ್ನು ನೋಡಿ ಚೀಟಿ ಬರೆದಿವೆ. ನಮ್ಮ ಚೀಟಿಯಲ್ಲಿ ನನಗೆ ಕಾಣುವ ಕೊರತೆಯೆಂದರೆ, ವೇಪ್ ಬೇಡವೆಂದವರು ಬಿಡಲು ಬಯಸುವವನ ಕೈಗೆ ಬೇರೇನನ್ನು ಕೊಟ್ಟರು ಎಂಬುದು. ತಾಲೂಕು ಆಸ್ಪತ್ರೆಯ ಮಟ್ಟದಲ್ಲಿ ತಂಬಾಕು ಬಿಡಿಸುವ ಚಿಕಿತ್ಸೆ ಇನ್ನೂ ಹೆಸರಿಗಷ್ಟೇ ಇದೆ.

ಪ್ರಶ್ನೆ: ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿರುವ ಮಗನ ಬ್ಯಾಗಿನಲ್ಲಿ ಪೆನ್‌ಡ್ರೈವಿನ ಹಾಗಿರುವ ಒಂದು ವಸ್ತು ಸಿಕ್ಕಿತು. ಮಾವಿನಹಣ್ಣಿನ ಪರಿಮಳ. ಕೇಳಿದರೆ ‘ಅಮ್ಮಾ, ಇದು ತಂಬಾಕು ಅಲ್ಲ, ನನ್ನ ಫ್ರೆಂಡ್ಸ್ ಸಿಗರೇಟು ಸೇದುತ್ತಾರೆ, ನಾನು ಅದನ್ನು ಮುಟ್ಟಿಲ್ಲ’ ಎನ್ನುತ್ತಾನೆ. ಸಮಾಧಾನಪಡಬೇಕೋ ಹೆದರಬೇಕೋ ತಿಳಿಯುತ್ತಿಲ್ಲ.
— ಒಬ್ಬ ತಾಯಿ, ಮಣಿಪಾಲ

ಉತ್ತರ: ಸಿಗರೇಟು ಮುಟ್ಟದ ಹುಡುಗನಿಗೆ ವೇಪ್‌ನಿಂದ ಲಾಭವೇನೂ ಇಲ್ಲ, ಇರುವುದೆಲ್ಲ ನಷ್ಟವೇ. ಮೇಲಿನ ಉತ್ತರದಲ್ಲಿ ಹೇಳಿದ ಪ್ರಯೋಗಗಳೆಲ್ಲ ಆಗಲೇ ಸೇದುತ್ತಿದ್ದವರನ್ನು ಕುರಿತವು. ಹದಿಹರೆಯದವರ ಕಥೆಯೇ ಬೇರೆ. ಅಮೆರಿಕದಲ್ಲಿ ಪ್ರೌಢಶಾಲೆಯ ಮಕ್ಕಳಲ್ಲಿ ವೇಪ್ ಬಳಸುವವರು 2017ರಲ್ಲಿ ಶೇ. 11.7 ಇದ್ದದ್ದು ಎರಡೇ ವರ್ಷಗಳಲ್ಲಿ ಶೇ. 27.5ಕ್ಕೆ ಜಿಗಿಯಿತು. ಪೆನ್‌ಡ್ರೈವಿನಂತೆ ಕಾಣುವ, ಹಣ್ಣಿನ ಪರಿಮಳದ, ನಿಕೋಟಿನ್ ಸಾಲ್ಟ್ ತುಂಬಿದ ಪಾಡ್‌ಗಳು ಆಗ ಪೇಟೆಗೆ ನುಗ್ಗಿದ್ದವು. ನಿಕೋಟಿನ್‌ಗೆ ಆಮ್ಲ ಸೇರಿಸಿ ಸಾಲ್ಟ್ ಮಾಡಿದರೆ ಗಂಟಲು ಕೆರೆಯುವುದಿಲ್ಲ. ಹಾಗಾಗಿ ಮೊದಲ ಸಿಗರೇಟಿನಲ್ಲಿ ಕೆಮ್ಮಿ ಕಣ್ಣಲ್ಲಿ ನೀರು ತುಂಬಿ ‘ಸಾಕಪ್ಪಾ’ ಎನ್ನುವ ಅವಕಾಶವೇ ಈ ಮಕ್ಕಳಿಗೆ ಸಿಗುವುದಿಲ್ಲ. ಸಿಗರೇಟು ಉರಿದು ಮುಗಿಯುತ್ತದೆ, ಎದ್ದು ಹೊರಗೆ ಹೋಗಿ ಸೇದಬೇಕಾಗುತ್ತದೆ. ಇದಕ್ಕೆ ಮುಗಿತಾಯವಿಲ್ಲ; ಹಾಸ್ಟೆಲಿನ ಹೊದಿಕೆಯೊಳಗೂ ನಡೆಯುತ್ತದೆ. ಯುರೋಪಿನ ಮಿತಿಯಾದ ಮಿಲಿಲೀಟರಿಗೆ 20 ಮಿಲಿಗ್ರಾಂ ಲೆಕ್ಕ ಹಿಡಿದರೂ ಎರಡು ಮಿಲಿಲೀಟರ್ ದ್ರವದಲ್ಲಿ 40 ಮಿಲಿಗ್ರಾಂ ನಿಕೋಟಿನ್ ಇರುತ್ತದೆ. ಒಂದು ಸಿಗರೇಟಿನಿಂದ ದೇಹಕ್ಕೆ ಸೇರುವುದು ಒಂದೆರಡು ಮಿಲಿಗ್ರಾಂ ಮಾತ್ರ. ನಮ್ಮಲ್ಲಿ ಸಿಗುವುದೆಲ್ಲ ಕಳ್ಳಮಾಲಾದ್ದರಿಂದ ಮೇಲೆ ಬರೆದ ಪ್ರಮಾಣವನ್ನು ನಂಬುವಂತೆಯೂ ಇಲ್ಲ. ಇಪ್ಪತ್ತೈದು ವರ್ಷದವರೆಗೂ ಮೆದುಳು ಬೆಳೆಯುತ್ತಲೇ ಇರುತ್ತದೆ ಮತ್ತು ಆ ವಯಸ್ಸಿನಲ್ಲಿ ನಿಕೋಟಿನ್ ಬೇರೂರುವಷ್ಟು ಗಟ್ಟಿಯಾಗಿ ಮುಂದೆ ಬೇರೂರುವುದಿಲ್ಲ.

ಇವತ್ತಿನ ವೇಪ್ ನಾಳಿನ ಸಿಗರೇಟಿಗೆ ದಾರಿ ಮಾಡಿಕೊಡುತ್ತದೆಯೇ ಎಂದು ಕೇಳುವಿರಿ. ವೇಪ್ ಬಳಸುವ ಮಕ್ಕಳು ಮುಂದೆ ಸಿಗರೇಟು ಹಿಡಿಯುವ ಸಾಧ್ಯತೆ ಉಳಿದವರಿಗಿಂತ ಹಲವು ಪಟ್ಟು ಹೆಚ್ಚೆಂದು ಅಧ್ಯಯನಗಳು ಹೇಳುತ್ತವೆ. ಆದರೆ ಸಾಹಸದ ಸ್ವಭಾವದ ಹುಡುಗ ಎರಡನ್ನೂ ಪ್ರಯತ್ನಿಸುವವನೇ ಆಗಿರುತ್ತಾನೆ. ಒಂದು ಇನ್ನೊಂದಕ್ಕೆ ಕಾರಣವೆಂದು ಅಷ್ಟರಿಂದಲೇ ತೀರ್ಮಾನಿಸಲಾಗದು. ಅಮೆರಿಕದಲ್ಲಿ ಪ್ರೌಢಶಾಲಾ ಮಕ್ಕಳ ಸಿಗರೇಟು ಸೇವನೆ 2011ರ ಶೇ. 15.8ರಿಂದ 2024ರಲ್ಲಿ ಶೇ. 1.7ಕ್ಕೆ ಕುಸಿದಿದೆ. ಎಲ್ಲರಿಗೂ ವೇಪ್ ಸಿಗರೇಟಿನ ಮೆಟ್ಟಿಲೇ ಆಗಿದ್ದರೆ ಹೀಗಾಗಬಾರದಿತ್ತು. ನಿಮಗೆ ಸಮಾಧಾನ ಕೊಡುವ ಇನ್ನೊಂದು ಅಂಕಿಯೂ ಇದೆ: ಅಲ್ಲಿ ಖರೀದಿಯ ವಯಸ್ಸನ್ನು 21ಕ್ಕೆ ಏರಿಸಿ, ಪರಿಮಳದ ಪಾಡ್‌ಗಳನ್ನು ಹದ್ದುಬಸ್ತಿಗೆ ತಂದ ಮೇಲೆ ಮಕ್ಕಳ ವೇಪ್ ಬಳಕೆ 2024ರಲ್ಲಿ ಶೇ. 7.8ಕ್ಕೆ ಇಳಿಯಿತು. ಹಿಡಿದ ಮಕ್ಕಳು ಬಿಡುತ್ತಾರೆ. ಮಗನನ್ನು ಬೈಯುವುದಕ್ಕೆ ಮೊದಲು ಒಂದೇ ಪ್ರಶ್ನೆ ಕೇಳಿ: ಬೆಳಿಗ್ಗೆ ಎದ್ದ ಎಷ್ಟು ಹೊತ್ತಿಗೆ ಅದು ಬೇಕೆನಿಸುತ್ತದೆ? ಮಧ್ಯಾಹ್ನದವರೆಗೂ ನೆನಪಾಗುವುದಿಲ್ಲವೆಂದರೆ ಇಂದೇ ಎಸೆಯಬಹುದು. ಹಲ್ಲುಜ್ಜುವ ಮೊದಲೇ ಬೇಕೆಂದರೆ ಅದು ಚಟ. ಆಗ ವೈದ್ಯರ ನೆರವು ಬೇಕು, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಪ್ರಶ್ನೆ: ಬೋಟಿನ ಕೆಲಸ. ದಿನಕ್ಕೆ ಎರಡು ಕಟ್ಟು ಬೀಡಿ ಸೇದುತ್ತಿದ್ದೆ. ದುಬಾಯಿಯಿಂದ ಬಂದ ಭಾವ ಒಂದು ವೇಪ್ ಕೊಟ್ಟರು. ಈಗ ಅದನ್ನೂ ಎಳೆಯುತ್ತೇನೆ, ಬೀಡಿ ಅರ್ಧ ಕಟ್ಟಿಗೆ ಬಂದಿದೆ. ಅಷ್ಟರಮಟ್ಟಿಗೆ ಒಳ್ಳೆಯದಾಯಿತಲ್ಲವೇ ಡಾಕ್ಟರೇ?
— ಮಲ್ಪೆಯ ಓದುಗರು

ಉತ್ತರ: ನೀವು ಅಂದುಕೊಂಡಷ್ಟು ಆಗಿಲ್ಲ. ಎರಡು ಕಟ್ಟಿನಿಂದ ಅರ್ಧ ಕಟ್ಟಿಗೆ ಇಳಿದವನು ಅಪಾಯದ ಮುಕ್ಕಾಲು ಪಾಲನ್ನು ಕಳೆದುಕೊಂಡೆ ಎಂದುಕೊಳ್ಳುವುದು ಸಹಜ, ಆದರೆ ಹೃದಯದ ಲೆಕ್ಕ ಹಾಗೆ ನಡೆಯುವುದಿಲ್ಲ. 2018ರಲ್ಲಿ ಬಂದ, ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿದ ಒಂದು ವಿಶ್ಲೇಷಣೆಯ ಪ್ರಕಾರ, ದಿನಕ್ಕೆ ಇಪ್ಪತ್ತು ಸಿಗರೇಟು ಸೇದುವವನಿಗೆ ಹೃದಯಾಘಾತದ ಅಪಾಯ ಎಷ್ಟು ಹೆಚ್ಚುತ್ತದೋ ಅದರ ಅರ್ಧದಷ್ಟು ಒಂದೇ ಒಂದು ಸೇದುವವನಿಗೂ ಹೆಚ್ಚುತ್ತದೆ. ಬೀಡಿಯಲ್ಲಿ ಇನ್ನೊಂದು ತೊಡಕಿದೆ: ಅದರ ಎಲೆಯಲ್ಲಿ ಗಾಳಿಯಾಡುವುದಿಲ್ಲವಾದ್ದರಿಂದ ಆರಿಹೋಗದಂತೆ ಬೇಗಬೇಗ, ಜೋರಾಗಿ ಎಳೆಯಬೇಕಾಗುತ್ತದೆ. ಸಂಖ್ಯೆ ಕಡಿಮೆ ಮಾಡಿದವರು ತಿಳಿಯದೆಯೇ ಇನ್ನಷ್ಟು ಆಳಕ್ಕೆ ಎಳೆಯುತ್ತಾರೆ.

ತಂಬಾಕು ಬಿಡಿಸುವ ಚಿಕಿತ್ಸಾಲಯಗಳಲ್ಲಿ ಉಸಿರು ಊದಿಸಿ ಕಾರ್ಬನ್ ಮೊನಾಕ್ಸೈಡ್ ಅಳೆಯುವ, ಕೈಯಲ್ಲಿ ಹಿಡಿಯುವ ಯಂತ್ರವೊಂದಿದೆ. ಉಸಿರನ್ನು ಸ್ವಲ್ಪ ಹೊತ್ತು ಬಿಗಿಹಿಡಿದು ನಿಧಾನವಾಗಿ ಊದಿದರೆ ಪರದೆಯಲ್ಲಿ ಸಂಖ್ಯೆ ಬರುತ್ತದೆ. ಬೀಡಿಯನ್ನು ಪೂರ್ತಿ ಬಿಟ್ಟು ಬರೀ ವೇಪ್ ಎಳೆಯುವವನ ಸಂಖ್ಯೆ ಸೇದದವನಷ್ಟೇ ಇರುತ್ತದೆ, ಏಕೆಂದರೆ ಅದರಲ್ಲಿ ಉರಿಯುವುದೇನೂ ಇಲ್ಲ. ನಿಮ್ಮ ಹಾಗೆ ಎರಡನ್ನೂ ಇಟ್ಟುಕೊಂಡವರು ಊದಿದಾಗ ಎರಡಂಕಿಯ ಸಂಖ್ಯೆ ಕಂಡು ಮುಖ ಸಪ್ಪೆ ಮಾಡಿಕೊಳ್ಳುವುದನ್ನು ನೋಡಿದ್ದೇನೆ. ದೇಶ ದೇಶಗಳ ಅಂಕಿಅಂಶಗಳಲ್ಲೂ ಈ ‘ಎರಡೂ ಇರಲಿ’ ಎನ್ನುವವರೇ ದೊಡ್ಡ ಗೊಂದಲ: ಅವರು ಸೇದುವವರ ಪಟ್ಟಿಯಿಂದ ಹೊರಬಂದಿರುವುದಿಲ್ಲ, ಆದರೆ ವೇಪ್ ಕಂಪೆನಿಗಳು ಅವರನ್ನು ತಮ್ಮ ಯಶಸ್ಸೆಂದು ಎಣಿಸಿಕೊಳ್ಳುತ್ತವೆ.

ನೀವು ಬೀಡಿ ಬಿಡಲು ತಯಾರಿದ್ದೀರಿ ಎಂಬುದು ಪತ್ರದಿಂದ ಸ್ಪಷ್ಟವಾಗುತ್ತದೆ. ಹಾಗಾದರೆ ಕಾನೂನುಬದ್ಧವಾದ, ಪರೀಕ್ಷೆಗೊಳಪಟ್ಟ ದಾರಿ ಹಿಡಿಯಿರಿ. ಎರಡು ಮಿಲಿಗ್ರಾಂ ನಿಕೋಟಿನ್ ಗಮ್ ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುತ್ತದೆ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಬೀಡಿ ಹಚ್ಚುವವರಾದರೆ ನಾಲ್ಕು ಮಿಲಿಗ್ರಾಂ ಬೇಕಾಗಬಹುದು, ಅದಕ್ಕೆ ವೈದ್ಯರ ಚೀಟಿ ಬೇಕು. ಪ್ಯಾಚ್ ಕೂಡ ಇದೆ, ಆದರೆ ಬೆವರು ಮತ್ತು ಉಪ್ಪುನೀರಿನ ನಿಮ್ಮ ಕೆಲಸದಲ್ಲಿ ಅದು ಮೈಗೆ ನಿಲ್ಲುವುದು ಕಷ್ಟ. ಗಮ್ ಬಳಸುವವರಲ್ಲಿ ಹೆಚ್ಚಿನವರು ಅದನ್ನು ಚೂಯಿಂಗ್ ಗಮ್ಮಿನ ಹಾಗೆ ಒಂದೇ ಸಮನೆ ಅಗಿದು, ಬಿಕ್ಕಳಿಕೆ, ಹೊಟ್ಟೆ ತೊಳಸು ಬಂದು, ‘ಇದು ನನಗಾಗದು’ ಎಂದು ಎಸೆಯುತ್ತಾರೆ. ನಾಲಿಗೆಗೆ ಚುರುಚುರು ಅನ್ನಿಸುವವರೆಗೆ ನಿಧಾನವಾಗಿ ಅಗಿದು, ಎಲೆಅಡಿಕೆಯನ್ನು ಒತ್ತರಿಸಿಟ್ಟ ಹಾಗೆ ಕೆನ್ನೆ ಮತ್ತು ವಸಡಿನ ನಡುವೆ ಇಡಬೇಕು. ಚುರುಚುರು ಹೋದ ಮೇಲೆ ಮತ್ತೆ ನಾಲ್ಕು ಸಲ ಅಗಿದು ಇನ್ನೊಂದು ಕೆನ್ನೆಗೆ. ಹೀಗೆ ಅರ್ಧ ಗಂಟೆ. ಗಮ್ ಹಾಕುವ ಕಾಲು ಗಂಟೆ ಮೊದಲಿನಿಂದ ಚಹಾ, ಕಾಫಿ, ಸೋಡಾ ಕುಡಿಯಬಾರದು, ಕುಡಿದರೆ ನಿಕೋಟಿನ್ ಹೀರಿಕೆಯಾಗುವುದಿಲ್ಲ. ಮೊದಲ ಆರು ವಾರ ಒಂದೆರಡು ಗಂಟೆಗೊಂದರಂತೆ, ಆ ಮೇಲೆ ಕಡಿಮೆ ಮಾಡುತ್ತ ಮೂರು ತಿಂಗಳಿಗೆ ನಿಲ್ಲಿಸುವುದು. ವಾರಗಟ್ಟಲೆ ಕಡಲಿಗೆ ಹೋಗುವವರಾದರೆ ಬೋಟಿಗೆ ಐಸು, ಅಕ್ಕಿ ಏರಿಸುವಾಗಲೇ ಅಷ್ಟು ದಿನಕ್ಕೆ ಬೇಕಾದ ಗಮ್ ಎಣಿಸಿ ಇಟ್ಟುಕೊಳ್ಳಿ. ನಡುಗಡಲಿನಲ್ಲಿ ಗಮ್ ಮುಗಿದರೆ ಪಕ್ಕದವನ ಬೀಡಿ ಕೈಗೆ ಬರುವುದು ಖಂಡಿತ. ಸಾಧ್ಯವಿದ್ದರೆ 1800-11-2356 ಎಂಬ ಶುಲ್ಕರಹಿತ ರಾಷ್ಟ್ರೀಯ ಕ್ವಿಟ್‌ಲೈನಿಗೆ ಕರೆ ಮಾಡಿ. ಇದರ ಒಂದು ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದು, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ನಾನು ಮದುವೆಯಾಗಿ ಬಂದಾಗಿನಿಂದ ಬೀಡಿ ಕಟ್ಟುತ್ತಿದ್ದೇನೆ. ವೇಪ್ ನಿಷೇಧಿಸಿದ್ದು ಬೀಡಿ, ಸಿಗರೇಟಿನ ಕಂಪೆನಿಗಳನ್ನು ಉಳಿಸಲಿಕ್ಕೆ ಎಂದು ಮಗ ಹೇಳುತ್ತಾನೆ. ವೇಪ್ ಬಂದರೆ ನಮ್ಮ ಕೆಲಸ ಹೋಗುತ್ತದೆಯೇ?
— ಬಂಟ್ವಾಳದ ಓದುಗರು

ಉತ್ತರ: ನಿಷೇಧದ ಉದ್ದೇಶವಾಗಿ ಸರಕಾರ ಹೇಳಿದ್ದು ಮಕ್ಕಳ ರಕ್ಷಣೆಯನ್ನು. ಆದರೆ ನಿಮ್ಮ ಮಗನ ಸಂಶಯವನ್ನು ನಾನು ತಳ್ಳಿಹಾಕುವುದಿಲ್ಲ. ಕಡಿಮೆ ಹಾನಿಯದ್ದನ್ನು ನಿಷೇಧಿಸಿ, ಹೆಚ್ಚು ಹಾನಿಯದ್ದನ್ನು ಪ್ರತಿಯೊಂದು ಗೂಡಂಗಡಿಯಲ್ಲೂ ಬಿಡಿಬಿಡಿಯಾಗಿ ಮಾರಲು ಬಿಟ್ಟಿರುವುದು ವಿಚಿತ್ರವೇ ಸರಿ. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಬೀಡಿಯ ಮೇಲಿನ ತೆರಿಗೆಯನ್ನು ಶೇ. 28ರಿಂದ 18ಕ್ಕೆ ಇಳಿಸಲು ನಿರ್ಧರಿಸಿದಾಗ, ಬೀಡಿ ಕಟ್ಟುವವರ ಹೊಟ್ಟೆಪಾಡಿನ ಮಾತು ಮುಂದೆ ಬಂತು; ಸೇದುವವರ ಎದೆಯ ಮಾತು ಹಿಂದೆ ಉಳಿಯಿತು. ಇನ್ನು ನಿಮ್ಮ ಕೆಲಸದ ವಿಷಯ. ಬೀಡಿ ಕಂಪೆನಿಯ ಬ್ರ್ಯಾಂಚಿನಲ್ಲಿ ವಾರಕ್ಕೆ ಸಿಗುವ ಎಲೆ, ಹೊಗೆಸೊಪ್ಪು ಕಡಿಮೆಯಾಗುತ್ತ ಬಂದದ್ದು ನಿಮಗೇ ಗೊತ್ತು, ಅದಕ್ಕೆ ವೇಪ್ ಕಾರಣವಲ್ಲ. ಹೊಸ ತಲೆಮಾರಿನವರು ಬೀಡಿ ಹಿಡಿಯುತ್ತಿಲ್ಲ. ಹಾಗೆಂದು ನೀವು ಬೀಡಿ ಕಟ್ಟುವುದನ್ನು ನಿಲ್ಲಿಸುವಂತೆಯೂ ಇಲ್ಲ. ಬೇಕಾಗಿರುವುದು ನಿಮಗೆ ಬೇರೆ ಉದ್ಯೋಗದ ಏರ್ಪಾಡು. ಸದ್ಯಕ್ಕೆ ಒಂದು ಸೂಚನೆ: ಹೊಗೆಸೊಪ್ಪಿನ ಧೂಳು ಮತ್ತು ನಿಕೋಟಿನ್ ಕೈಯ ಚರ್ಮದ ಮೂಲಕವೂ ಉಸಿರಿನ ಮೂಲಕವೂ ಒಳಗೆ ಹೋಗುತ್ತದೆ. ಗಾಳಿಯಾಡುವ ಜಗಲಿಯಲ್ಲಿ ಕುಳಿತು ಕಟ್ಟಿ, ತಡಪೆಯನ್ನು ಮಗು ಮಲಗುವ ಕೋಣೆಗೆ ಒಯ್ಯಬೇಡಿ, ಊಟಕ್ಕೆ ಮೊದಲು ಸಾಬೂನು ಹಾಕಿ ಕೈ ತೊಳೆಯಿರಿ.

ಪ್ರಶ್ನೆ: ಅಮೆರಿಕದಲ್ಲಿ ವೇಪ್ ಸೇದಿ ಹಲವರು ಸತ್ತರೆಂದು ವಾಟ್ಸಾಪಿನಲ್ಲಿ ಬಂದಿತ್ತು. ನಿಜವೇ?
— ಕುಂದಾಪುರದ ವಿದ್ಯಾರ್ಥಿ

ಉತ್ತರ: ನಿಜ. 2019-20ರಲ್ಲಿ ಅಲ್ಲಿ 2,807 ಮಂದಿ ಶ್ವಾಸಕೋಶದ ತೀವ್ರ ತೊಂದರೆಯಿಂದ ಆಸ್ಪತ್ರೆ ಸೇರಿದರು ಅಥವಾ ಮೃತಪಟ್ಟರು, ಸತ್ತವರು 68. ಹೆಚ್ಚಿನವರು ಬಳಸಿದ್ದು ಗಾಂಜಾದ ಸತ್ವ ತುಂಬಿದ, ಬಹುತೇಕ ಕಳ್ಳಪೇಟೆಯ ವೇಪ್. ಅದರೊಳಗೆ ಕಲಬೆರಕೆ ಮಾಡಿದ್ದ ವಿಟಮಿನ್ ಇ ಅಸಿಟೇಟ್ ಎಂಬ ಎಣ್ಣೆಯಂಥ ಪದಾರ್ಥವೇ ಮುಖ್ಯ ಕಾರಣವೆಂದು ಕಂಡುಬಂತು. ಸಾಮಾನ್ಯ ನಿಕೋಟಿನ್ ವೇಪ್‌ಗೆ ಈ ಸಾವುಗಳನ್ನು ಅಂಟಿಸುವುದು ಸರಿಯಲ್ಲ. ಆದರೆ ನಿಮ್ಮ ಊರಿನಲ್ಲಿ ಗುಟ್ಟಾಗಿ ಸಿಗುವುದೂ ಕಳ್ಳಪೇಟೆಯದ್ದೇ, ಅದರೊಳಗೆ ಏನಿದೆಯೆಂದು ಮಾರುವವನಿಗೂ ಗೊತ್ತಿರುವುದಿಲ್ಲ.

ಪ್ರಶ್ನೆ: ದುಬಾಯಿಯಲ್ಲಿ ಅಂಗಡಿಯಲ್ಲೇ ಬಿಲ್ ಕೊಟ್ಟು ವೇಪ್ ಮಾರುತ್ತಾರೆ. ರಜೆಗೆ ಊರಿಗೆ ಬರುವಾಗ ಸ್ವಂತ ಬಳಕೆಗೆ ಒಂದನ್ನು ತಂದರೆ ಬಜ್ಪೆ ವಿಮಾನ ನಿಲ್ದಾಣದಲ್ಲಿ ತೊಂದರೆ ಉಂಟೇ?
— ಕಾಪುವಿನ ಓದುಗರು

ಉತ್ತರ: ಉಂಟು. ಸಂಯುಕ್ತ ಅರಬ್ ಸಂಸ್ಥಾನದಲ್ಲಿ 2019ರಿಂದ ಮಾರಾಟಕ್ಕೆ ಅವಕಾಶವಿದೆ. ಅದೇ 2019ರ ಭಾರತದ ಕಾಯ್ದೆಯಡಿ ಇ-ಸಿಗರೇಟಿನ ತಯಾರಿಕೆ, ಆಮದು, ಸಾಗಣೆ, ಮಾರಾಟ, ಜಾಹೀರಾತು ಎಲ್ಲವೂ ಅಪರಾಧ: ಮೊದಲ ಸಲಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ದಾಸ್ತಾನಿಗೆ ಬೇರೆಯೇ ಶಿಕ್ಷೆ ಇದೆ. ಬಿಲ್ ತೋರಿಸಿದರೂ ಕಸ್ಟಮ್ಸ್‌ನವರು ಬಿಡುವುದಿಲ್ಲ. ಪೆಟ್ಟಿಗೆಯಲ್ಲಿ ಜಾಗವಿದ್ದರೆ ಅಲ್ಲಿನ ಔಷಧದಂಗಡಿಯಿಂದ ನಿಕೋಟಿನ್ ಗಮ್ ತನ್ನಿ, ಇಲ್ಲವೇ ಕಾಪು ಪೇಟೆಯಲ್ಲೇ ಕೊಳ್ಳಿ.